ಹಗಲುಗನಸಿನಿಂದ ಬ್ಲಾಗಿನವರೆಗೆ

ಕೃಷ್ಣರಾಜಪೇಟೆ ತಾಲ್ಲೂಕಿನ ಅಕ್ಕಿಹೆಬ್ಬಾಳಿನಲ್ಲಿ 1900ರಲ್ಲಿ ಜನಿಸಿ, 1937ರಲ್ಲಿ 'ಹಗಲುಗನಸುಗಳು' ಎಂಬ ಪ್ರಬಂಧಸಂಕಲನವನ್ನು ಹೊರತಂದ ಎ. ಎನ್. ಮೂರ್ತಿರಾಯರು, ನಿತ್ಯಜೀವನದ ಕ್ಷುದ್ರ ಸಂಗತಿಗಳೂ ಗದ್ಯಕ್ಕೆ ಯೋಗ್ಯವೆಂಬುದನ್ನು ಪಾಂಡಿತ್ಯದ ಆಡಂಬರವಿಲ್ಲದೆ ತೋರಿಸಿಕೊಟ್ಟರಷ್ಟೆ. ಇಂದಿನ ಬ್ಲಾಗು ಆ ಲಲಿತಪ್ರಬಂಧದ ದೂರದ ಸಂತಾನವೆಂದರೆ ವಿದ್ವಾಂಸರು ಹುಬ್ಬುಗಂಟಿಕ್ಕಿಯಾರು, ನನಗಂತೂ ಮುಖಸಾದೃಶ್ಯವು ಸ್ಪಷ್ಟವಾಗಿಯೇ ಕಾಣುತ್ತದೆ.

'ಬರಹ', 'ನುಡಿ' ತಂತ್ರಾಂಶಗಳು ಗಣಕದಲ್ಲಿ ಕನ್ನಡವನ್ನು ನೆಲೆಗೊಳಿಸಿ, ಒಂದು ಯಂತ್ರದಲ್ಲಿ ಬರೆದುದನ್ನು ಯೂನಿಕೋಡ್ ವ್ಯವಸ್ಥೆಯು ಮತ್ತೊಂದರಲ್ಲಿ ಓದಗೊಟ್ಟ ಮೇಲೆ, 2005ರಲ್ಲಿ ಹರಿಪ್ರಸಾದ್ ನಾಡಿಗರು ಆರಂಭಿಸಿದ 'ಸಂಪದ'ದಂತಹ ತಾಣಗಳ ಸುತ್ತ, ಸಂಪಾದಕರ ಅಪ್ಪಣೆಗೆ ಕಾಯದ ಲೇಖಕಸಮೂಹವೊಂದು ಬೆಳೆಯಿತು.

ಅನಂತರ ಫೇಸ್‌ಬುಕ್ಕು ಬಂದು ಬರಹವನ್ನು ಮೊಟಕುಗೊಳಿಸಿತು, ಯೂಟ್ಯೂಬು ಅದನ್ನು ಚಿತ್ರವಾಗಿಸಿತು. ಹೊಸಹೊಳಲಿನ ಲಕ್ಷ್ಮೀನಾರಾಯಣ ದೇಗುಲದ ಅಧಿಷ್ಠಾನದಲ್ಲಿ ಸಾಲಾಗಿ ಸಾಗುವ ಆನೆ, ಕುದುರೆ, ರಾಮಾಯಣದ ಪ್ರಸಂಗಗಳನ್ನು ಪಟ್ಟಿಕೆಪಟ್ಟಿಕೆಯಾಗಿ ವರ್ಣಿಸುವ ತಾಳ್ಮೆ ಈಗ ಯಾರಿಗಿದೆ? ನಾಗಮಂಗಲದ ಸೌಮ್ಯಕೇಶವನಿಗೂ ಪಾಂಡವಪುರದ ತೊಣ್ಣೂರು ಕೆರೆಗೂ ದಕ್ಕುವುದು ಅರ್ಧ ನಿಮಿಷದ ರೀಲು. ಶ್ರೀರಂಗಪಟ್ಟಣದ ವಿಷಯವೆತ್ತಿದರೋ, 1799ರ ಯುದ್ಧವು ಓದುಗರ ಟಿಪ್ಪಣಿಗಳಲ್ಲಿ ಪುನಃ ಆರಂಭವಾಗುತ್ತದೆ.

ಇದಕ್ಕಿಂತ ಗುರುತರವಾದುದು ಕೃತಿಚೌರ್ಯ. ಶ್ರಮದಿಂದ ಬರೆದ ಸ್ಥಳಪುರಾಣವು ಕರ್ತೃವಿನ ಹೆಸರನ್ನು ಕಳೆದುಕೊಂಡು, 'ಕೃಪೆ: ವಾಟ್ಸಾಪ್' ಎಂಬ ಅಂಕಿತದೊಡನೆ ಅದೇ ಲೇಖಕನ ಮೊಬೈಲಿಗೆ ಮರಳುವುದುಂಟು! ಕೃತಿಸ್ವಾಮ್ಯವು ಬರೆದ ಕ್ಷಣದಲ್ಲಿಯೇ, ನೋಂದಣಿಯಿಲ್ಲದೆಯೇ ಪ್ರಾಪ್ತವಾಗುವುದೆಂಬುದನ್ನು ಅನೇಕರು ಅರಿಯರು. ವಾರ್ಷಿಕ ಶುಲ್ಕ ಕಟ್ಟದೆ ತಾಣದ ವಿಳಾಸವೇ ಲುಪ್ತವಾದರೆ ಮಾತ್ರ ಕಾನೂನೂ ನಿರುಪಾಯ. ಅಂತಹ ನಷ್ಟಕ್ಕೆ ಮುನ್ನೆಚ್ಚರಿಕೆಯಾಗಿ, 1996ರಿಂದ ಜಾಲಪುಟಗಳ ಪ್ರತಿಗಳನ್ನು ಸಂಗ್ರಹಿಸುತ್ತಿರುವ ಇಂಟರ್ನೆಟ್ ಆರ್ಕೈವಿಗೆ ತಮ್ಮ ಪುಟದ ವಿಳಾಸವನ್ನು ಯಾರು ಬೇಕಾದರೂ ಉಚಿತವಾಗಿ ಒಪ್ಪಿಸಬಹುದು.