ಹಾಯಿ ಏರುವ ಮೊದಲು ಕೀಲ್ ಇಳಿಯಬೇಕು

ಹಗುರವಾದ ಒಡಲು, ಅದಕ್ಕೆ ಮಿತಿಮೀರಿತು ಅನ್ನಿಸುವಷ್ಟು ದೊಡ್ಡ ಹಾಯಿ, ನೀರಿನಡಿಯಲ್ಲಿ ತೂಕದ ಕೀಲ್. ಈ ಮೂರೂ ಕೂಡಿದ ಸಣ್ಣ ಪಂದ್ಯದೋಣಿಗೆ ಸ್ಪೋರ್ಟ್‌ಬೋಟ್ ಎಂದು ಹೆಸರು. 1990ರ ದಶಕದಲ್ಲಿ ಮೆಲ್ಜಸ್ 24 ಎಂಬ ಮಾದರಿ ಈ ಬಗೆಯ ದೋಣಿಗಳನ್ನು ಜನಪ್ರಿಯಗೊಳಿಸಿತು. 2012ರಲ್ಲಿ ಅಮೆರಿಕದ ರೋಡ್ ಐಲೆಂಡ್‌ನ ಜೆ-ಬೋಟ್ಸ್ ಸಂಸ್ಥೆ ಹೊರತಂದ ಜೆ/70 ಇಂದು ಹಲವು ದೇಶಗಳ ಪಂದ್ಯಗಳಲ್ಲಿ ಕಾಣಸಿಗುತ್ತದೆ. ಅದರ ಉದ್ದ 6.93 ಮೀಟರ್, ಅಗಲ 2.25 ಮೀಟರ್, ತೂಕ ಸುಮಾರು 800 ಕಿಲೋ. ಆ ತೂಕದಲ್ಲಿ ಹತ್ತಿರಹತ್ತಿರ ಮೂರನೇ ಒಂದು ಪಾಲು ಕೀಲ್‌ನದೇ. ಸಾಮಾನ್ಯವಾಗಿ ನಾಲ್ವರು ನಡೆಸುವ ಈ ದೋಣಿಯನ್ನು ಕಾರಿನ ಹಿಂದೆ ಟ್ರೇಲರ್ ಕಟ್ಟಿ ಎಳೆದೊಯ್ಯಬಹುದು. ಹಾಗಾಗಿ ಪ್ರತಿ ಬಾರಿಯೂ ದಡದ ಮೇಲೆ ಅದನ್ನು ಹೊಸದಾಗಿ ಜೋಡಿಸಬೇಕಾಗುತ್ತದೆ. ನೀರಿನ ಮೇಲೆ ಕಾಣುವ ಜಾಣ್ಮೆಯ ದೊಡ್ಡ ಪಾಲು ಈ ಜೋಡಣೆಯಲ್ಲೇ ತೀರ್ಮಾನವಾಗಿರುತ್ತದೆ.

ಜೋಡಣೆಯ ಅರ್ಥ ತಿಳಿಯಲು ದೋಣಿ ಗಾಳಿಗೆ ಎದುರಾಗಿ ಹೇಗೆ ಸಾಗುತ್ತದೆ ಎಂಬುದು ಗೊತ್ತಿರಬೇಕು. ಹಾಯಿ ಮತ್ತು ಕೀಲ್ ಎರಡೂ ರೆಕ್ಕೆಗಳೇ. ಒಂದು ಗಾಳಿಯಲ್ಲಿ, ಇನ್ನೊಂದು ನೀರಿನಲ್ಲಿ. ಹಾಯಿ ತನ್ನ ಮೇಲೆ ಹರಿಯುವ ಗಾಳಿಯ ದಿಕ್ಕನ್ನು ತಿರುಗಿಸುತ್ತದೆ, ತಿರುಗಿದ ಗಾಳಿ ಹಾಯಿಯನ್ನು ಎದುರು ದಿಕ್ಕಿಗೆ ತಳ್ಳುತ್ತದೆ. ರೆಕ್ಕೆಯ ಹೊರಮೈಯಲ್ಲಿ ಗಾಳಿ ಹೆಚ್ಚು ದೂರ ಕ್ರಮಿಸಬೇಕಾದ್ದರಿಂದ ಬಲ ಹುಟ್ಟುತ್ತದೆ ಎಂಬ ಹಳೆಯ ವಿವರಣೆ ಹಾಯಿಯ ಮುಂದೆ ಸುಲಭವಾಗಿ ಸೋಲುತ್ತದೆ: ಹಾಯಿ ತೆಳುವಾದ ಬಟ್ಟೆ, ಅದರ ಎರಡೂ ಮೈಗಳ ಉದ್ದ ಒಂದೇ. ಹೀಗೆ ಹುಟ್ಟಿದ ಬಲದ ಹೆಚ್ಚಿನ ಅಂಶ ದೋಣಿಯನ್ನು ಪಕ್ಕಕ್ಕೆ ನೂಕುತ್ತದೆ, ಸ್ವಲ್ಪ ಅಂಶ ಮಾತ್ರ ಮುಂದಕ್ಕೆ. ಪಕ್ಕಕ್ಕೆ ಕೆಲವೇ ಡಿಗ್ರಿ ಜಾರುತ್ತಾ ಸಾಗುವ ದೋಣಿಯ ಕೀಲ್ ಅಷ್ಟೇ ಬಲವನ್ನು ಎದುರು ಬದಿಗೆ ಹುಟ್ಟಿಸಿ ಆ ನೂಕನ್ನು ತಡೆಯುತ್ತದೆ. ನೀರು ಗಾಳಿಗಿಂತ ಸುಮಾರು 800 ಪಟ್ಟು ಸಾಂದ್ರ. ಆದ್ದರಿಂದಲೇ ಅಷ್ಟು ದೊಡ್ಡ ಹಾಯಿಗೆ ಇಷ್ಟು ಚಿಕ್ಕ ಕೀಲ್ ಸಾಕಾಗುತ್ತದೆ. ಉಳಿಯುವುದು ಮುಂದಕ್ಕೊಯ್ಯುವ ಬಲ.

ದಡದಲ್ಲಿ ಮೊದಲ ಕೆಲಸ ಹಾಯಿಕಂಬ ನಿಲ್ಲಿಸುವುದು. ಅದಕ್ಕೂ ಮುಂಚೆ ತಲೆಯೆತ್ತಿ ವಿದ್ಯುತ್ ತಂತಿ ಇದೆಯೇ ಎಂದು ನೋಡಬೇಕು. ಕಾರ್ಬನ್ ನಾರಿನ ಕಂಬವೂ ಅಲ್ಯೂಮಿನಿಯಂ ಕಂಬದ ಹಾಗೆಯೇ ವಿದ್ಯುತ್ ಹರಿಸುತ್ತದೆ, ದೋಣಿ ನಿಲ್ಲಿಸುವ ಬಯಲುಗಳಲ್ಲಿ ಇದರಿಂದ ಜೀವ ಹೋದ ಉದಾಹರಣೆಗಳಿವೆ. ಮಲಗಿದ ಕಂಬದ ಪಕ್ಕದ ತಂತಿಗಳಾದ ಶ್ರೌಡ್‌ಗಳನ್ನು, ಹಾಯಿ ಏರಿಸುವ ಹಾಲ್‌ಯಾರ್ಡ್ ಹಗ್ಗಗಳನ್ನು ಸಿಕ್ಕಿಲ್ಲದಂತೆ ಬಿಡಿಸಿಟ್ಟು, ಬುಡವನ್ನು ಡೆಕ್ಕಿನ ಮೇಲಿನ ತಿರುಗಣೆಗೆ ಸಿಕ್ಕಿಸಿ, ಒಬ್ಬರು ಹಿಂದಿನಿಂದ ಎತ್ತುತ್ತಾ ಇನ್ನೊಬ್ಬರು ಮುಂದಿನಿಂದ ಎಳೆಯುತ್ತಾ ನಿಲ್ಲಿಸುತ್ತಾರೆ. ಮುಂದಿನ ತಂತಿ ಫೋರ್‌ಸ್ಟೇ ಭದ್ರವಾಗುವ ತನಕ ಎಳೆಯುವವರು ಕೈ ಬಿಡುವಂತಿಲ್ಲ.

ಕಂಬ ನಿಂತ ಮೇಲೆ ಬರುವುದು ಬಿಗಿಯ ಲೆಕ್ಕ. ಹೊಸಬರು ಅವಸರದಲ್ಲಿ ದಾಟಿಬಿಡುವ ಹಂತ ಇದೇ, ಅನುಭವಿಗಳು ಅತಿ ಹೆಚ್ಚು ಹೊತ್ತು ಕಳೆಯುವುದೂ ಇಲ್ಲೇ. ಕಂಬದ ನಡುವಿನಿಂದ ಎರಡು ಬದಿಗೆ ಚಾಚಿದ ಸ್ಪ್ರೆಡರ್ ತೋಳುಗಳು ತುಸು ಹಿಂದಕ್ಕೆ ಬಾಗಿರುತ್ತವೆ. ಹೀಗಾಗಿ ಮೇಲಿನ ಶ್ರೌಡ್ ಬಿಗಿಯಾದಂತೆ ಕಂಬ ಪಕ್ಕಕ್ಕೆ ನಿಲ್ಲುವುದಲ್ಲದೆ ಫೋರ್‌ಸ್ಟೇ ಕೂಡ ಬಿಗಿಯಾಗುತ್ತದೆ, ಕಂಬದ ನಡು ಮುಂದಕ್ಕೆ ಉಬ್ಬುತ್ತದೆ. ಕೆಳಗಿನ ಶ್ರೌಡ್ ಆ ಉಬ್ಬನ್ನು ಹಿಡಿದಿಡುತ್ತದೆ. ಕಂಬ ನೆಟ್ಟಗಿದ್ದರೆ ಮುಖ್ಯ ಹಾಯಿಗೆ ಹೊಟ್ಟೆ ಹೆಚ್ಚು, ಬಲವೂ ಹೆಚ್ಚು; ಕಂಬ ಬಾಗಿದರೆ ಹಾಯಿ ಚಪ್ಪಟೆಯಾಗಿ ಬಲ ಇಳಿಯುತ್ತದೆ. ಹಾಯಿ ತಯಾರಕರ ಕೈಪಿಡಿಯಲ್ಲಿ ಯಾವ ಗಾಳಿಗೆ ಎಷ್ಟು ಬಿಗಿ ಎಂಬ ಪಟ್ಟಿ ಇರುತ್ತದೆ. ಬಿಗಿ ಅಳೆಯುವ ಗೇಜನ್ನು ತಂತಿಗೆ ಹಚ್ಚಿ, ಬಿಗಿ ಹೊಂದಿಸುವ ತಿರುಪಾದ ಟರ್ನ್‌ಬಕಲ್ ತಿರುಗಿಸಿ ಆ ಅಂಕಿಗೆ ತರಬೇಕು. ಬಳಿಕ ಕಂಬದ ಬುಡದಲ್ಲಿ ಕಣ್ಣಿಟ್ಟು ಹಾಯಿ ಸರಿಯುವ ತೋಡಿನ ಗುಂಟ ಮೇಲೆ ನೋಡಿದರೆ ಕಂಬ ಎಡಬಲಕ್ಕೆ ಸೊಟ್ಟಗಿದೆಯೇ ಎಂಬುದು ತಿಳಿಯುತ್ತದೆ. ಜೆ/70 ಪಂದ್ಯಗಳಲ್ಲಿ ಓಟ ಶುರುವಾದ ಮೇಲೆ ಶ್ರೌಡ್ ಬಿಗಿಯನ್ನು ಬದಲಿಸುವಂತಿಲ್ಲ. ಮುಂದಿನ ಗಂಟೆಯ ಗಾಳಿಯನ್ನು ಮೊದಲೇ ಊಹಿಸಿ ಬಿಗಿ ಆರಿಸಿಕೊಳ್ಳಬೇಕು. ಟರ್ನ್‌ಬಕಲ್‌ಗಳು ತಾವಾಗಿ ಬಿಚ್ಚಿಕೊಳ್ಳದಂತೆ ಪಿನ್ ಹಾಕಿ, ಪಿನ್ನಿನ ಮೊನೆ ಹಾಯಿಯನ್ನು ಸೀಳದಂತೆ ಟೇಪ್ ಸುತ್ತುವುದು ಕಡೆಯ ಕೆಲಸ.

ದೋಣಿಯನ್ನು ಕ್ರೇನ್‌ನಿಂದಲೋ ಇಳಿಜಾರಿನಿಂದಲೋ ನೀರಿಗಿಳಿಸಿದ ಕೂಡಲೇ ಕೀಲ್ ಪೂರ್ತಿ ಇಳಿಸಿ ಬೀಗ ಹಾಕಬೇಕು. ಜೆ/70ಯಲ್ಲಿ ಅದರ ತುದಿಯ ಗುಂಡು ನೀರಿನಿಂದ 1.45 ಮೀಟರ್ ಆಳಕ್ಕೆ ಹೋಗುತ್ತದೆ. ತೂಕ ಅಷ್ಟು ಕೆಳಗಿದ್ದರೇ ವಾಲಿದ ದೋಣಿಯನ್ನು ಮರಳಿ ಎತ್ತುವ ತಿರುಗುಬಲ ಸಿಗುವುದು. ಕೀಲ್ ಮೇಲಿರುವಾಗ ಹಾಯಿ ಏರಿಸಿದರೆ ಮಾಮೂಲಿ ಗಾಳಿಗೂ ದೋಣಿ ಮಗುಚಬಹುದು. ಕೀಲ್ ಭದ್ರವಾದ ಮೇಲೆ ಮೂತಿಯನ್ನು ಗಾಳಿಗೆ ನೇರವಾಗಿಟ್ಟು ಮುಖ್ಯ ಹಾಯಿ ಏರಿಸಿದರೆ ಅದು ಪಟಪಟಿಸುತ್ತದೆಯೇ ಹೊರತು ಗಾಳಿ ತುಂಬಿಕೊಳ್ಳುವುದಿಲ್ಲ.

ಗಾಳಿ ಬರುವ ದಿಕ್ಕಿನ ಎರಡೂ ಬದಿಗೆ ಸುಮಾರು 40ರಿಂದ 45 ಡಿಗ್ರಿಯೊಳಗೆ ಇಂಥ ದೋಣಿಯ ಹಾಯಿ ಕೆಲಸ ಮಾಡದು. ಗಾಳಿಯ ಕಡೆಗೇ ಹೋಗಬೇಕಾದ ದೋಣಿ ಆ ಅಂಚಿನಲ್ಲಿ ಅಂಕುಡೊಂಕಾಗಿ ಸಾಗಬೇಕು. ಚಾಲಕನಿಗೆ ತಾಗುವ ಗಾಳಿ ಮಾತ್ರ ನಿಜವಾದ ಗಾಳಿಯಲ್ಲ. 10 ನಾಟ್ ಗಾಳಿಗೆ 45 ಡಿಗ್ರಿಯಲ್ಲಿ, 5 ನಾಟ್ ವೇಗದಲ್ಲಿ ಹೋಗುವ ದೋಣಿಯಲ್ಲಿ ಕೂತವರಿಗೆ ಸುಮಾರು 14 ನಾಟ್ ಗಾಳಿ 30 ಡಿಗ್ರಿಯಿಂದ ಬೀಸಿದಂತೆ ಅನ್ನಿಸುತ್ತದೆ. ಹಾಯಿ ಹೊಂದಿಸಬೇಕಾದ್ದು ಈ ತೋರಿಕೆಯ ಗಾಳಿಗೆ. ಜಿಬ್ ಎಂಬ ಮುಂದಿನ ಹಾಯಿಯ ಎರಡೂ ಮೈಗೆ ಅಂಟಿಸಿದ ಉಣ್ಣೆಯ ಎಳೆಗಳು ಇದಕ್ಕೆ ದಾರಿ ತೋರುತ್ತವೆ: ಎರಡೂ ಹಿಂದಕ್ಕೆ ನೇರವಾಗಿ ಹರಿದರೆ ಕೋನ ಸರಿ, ಒಳಗಿನದು ಕುಣಿದರೆ ದೋಣಿ ಗಾಳಿಗೆ ಅತಿ ಹತ್ತಿರ, ಹೊರಗಿನದು ಕುಣಿದರೆ ಅತಿ ದೂರ.

ಗಾಳಿಯ ಬಲ ಅದರ ವೇಗದ ವರ್ಗಕ್ಕೆ ಅನುಗುಣ. 8 ನಾಟ್ ಇದ್ದ ಗಾಳಿ 16 ಆದರೆ ಹಾಯಿಯ ಮೇಲಿನ ಒತ್ತಡ ನಾಲ್ಕು ಪಟ್ಟಾಗುತ್ತದೆ. ನಾಲ್ವರ ಮೈತೂಕ ಒಟ್ಟು 300 ಕಿಲೋ ಎಂದುಕೊಂಡರೂ ಅದು ದೋಣಿಯ ತೂಕದ ಮೂರನೇ ಒಂದು ಭಾಗಕ್ಕಿಂತ ಹೆಚ್ಚು. ಅಷ್ಟೂ ಜನ ಗಾಳಿಯ ಬದಿಯ ಅಂಚಿಗೆ ಸರಿದು ಕೂರುವುದು ವಾಲುವಿಕೆಯನ್ನು ತಡೆಯುವ ಮೊದಲ ಉಪಾಯ. ಆಮೇಲೆ ಕಂಬದ ತುದಿಯಿಂದ ದೋಣಿಯ ಹಿಂಬದಿಗೆ ಬರುವ ಬ್ಯಾಕ್‌ಸ್ಟೇ ಎಳೆದು ಕಂಬ ಬಾಗಿಸಿ ಹಾಯಿಯನ್ನು ಚಪ್ಪಟೆ ಮಾಡಬೇಕು. ಅದೂ ಸಾಲದಿದ್ದರೆ ಮುಖ್ಯ ಹಾಯಿಯ ಹಗ್ಗ ಸಡಿಲಿಸಬೇಕು. ದೋಣಿ ತುಂಬ ವಾಲಿದರೆ ವೇಗ ಹೆಚ್ಚಿದಂತೆ ಭಾಸವಾಗುತ್ತದೆ. ನಿಜಕ್ಕೆ ಆಗ ಕೀಲ್ ಓರೆಯಾಗಿ ಹಿಡಿತ ಕಳೆದುಕೊಂಡಿರುತ್ತದೆ, ಚುಕ್ಕಾಣಿ ಭಾರವಾಗಿರುತ್ತದೆ, ದೋಣಿ ಪಕ್ಕಕ್ಕೆ ಜಾರುತ್ತಿರುತ್ತದೆ.

ಸ್ಪೋರ್ಟ್‌ಬೋಟಿನ ನಿಜವಾದ ರುಚಿ ಇರುವುದು ಗಾಳಿಯ ಜೊತೆಗಿನ ದಾರಿಯಲ್ಲಿ. ಮೂತಿಯೊಳಗಿಂದ ಹೊರಚಾಚುವ ಕಾರ್ಬನ್ ಕೋಲಿನ ತುದಿಗೆ ಜೆನೇಕರ್ ಎಂಬ ದೊಡ್ಡ, ತೆಳು ಹಾಯಿಯ ಕೆಳಮೂಲೆ ಹೋಗುತ್ತದೆ. ಜೆ/70ಯಲ್ಲಿ ಅದರ ವಿಸ್ತಾರ ಸುಮಾರು 45 ಚದರ ಮೀಟರ್. ಮೊದಲ ಸಲ ಬಳಸುವಾಗ ಗಾಳಿ ಇಲ್ಲದ ಹೊತ್ತಿನಲ್ಲಿ ದಡದಲ್ಲೇ ಒಮ್ಮೆ ಏರಿಸಿ ನೋಡುವುದು ಲೇಸು. ಮೂರು ಮೂಲೆಗಳಲ್ಲಿ ಯಾವುದು ಯಾವ ಹಗ್ಗಕ್ಕೆ, ಹಗ್ಗ ಯಾವ ತಂತಿಯ ಹೊರಗಿನಿಂದ ಬರಬೇಕು ಎಂಬುದರಲ್ಲಿ ಒಂದೇ ತಪ್ಪಾದರೂ ಹಾಯಿ ನೀರಿನ ನಡುವೆ ಗಂಟುಬೀಳುತ್ತದೆ.

ಗಾಳಿಯ ದಿಕ್ಕಿನಲ್ಲೇ ನೇರ ಹೋಗುವುದು ಹತ್ತಿರದ ದಾರಿಯಾದರೂ ಈ ದೋಣಿಗಳಿಗೆ ಸಾಮಾನ್ಯವಾಗಿ ಲಾಭದ ದಾರಿಯಲ್ಲ. 12 ನಾಟ್ ಗಾಳಿಯಲ್ಲಿ 6 ನಾಟ್ ನೇರ ಓಡಿದರೆ ಹಾಯಿಗೆ ಸಿಗುವುದು 6 ನಾಟ್ ಮಾತ್ರ. ಅದೇ ಗಾಳಿಗೆ 140 ಡಿಗ್ರಿ ಕೋನದಲ್ಲಿ 7 ನಾಟ್ ಹೋದರೆ ತೋರಿಕೆಯ ಗಾಳಿ ಸುಮಾರು 8 ನಾಟ್, ಅದೂ ಬೆನ್ನಿನಿಂದಲ್ಲ, ಹೆಚ್ಚುಕಡಿಮೆ ಪಕ್ಕದಿಂದ. ಹಾಯಿ ಮತ್ತೆ ರೆಕ್ಕೆಯಾಗುತ್ತದೆ, ವೇಗ ಏರುತ್ತದೆ, ಅದರೊಡನೆ ತೋರಿಕೆಯ ಗಾಳಿಯೂ ಏರುತ್ತದೆ. ಗಾಳಿ ಸಾಕಷ್ಟಿದ್ದರೆ ಹಗುರ ಒಡಲು ತನ್ನದೇ ಅಲೆಯ ಮೇಲೇರಿ ನೀರಿನ ಮೇಲ್ಮೈಯಲ್ಲಿ ಜಾರತೊಡಗುತ್ತದೆ.

ಕೈಮೀರುವುದೂ ಇಲ್ಲೇ. ರಭಸದ ಗಾಳಿ ಬಂದಾಗ ದೋಣಿ ವಾಲಿ, ಚುಕ್ಕಾಣಿ ನೀರಿನಿಂದ ಅರ್ಧ ಮೇಲೆದ್ದು ಹಿಡಿತ ಕಳೆದುಕೊಂಡರೆ ದೋಣಿ ತಾನಾಗಿ ಗಾಳಿಯ ಕಡೆಗೆ ತಿರುಗಿ ಪಕ್ಕಕ್ಕೆ ಒರಗುತ್ತದೆ. ಆಗ ಚುಕ್ಕಾಣಿಯೊಡನೆ ಸೆಣಸಿ ಫಲವಿಲ್ಲ. ಜೆನೇಕರ್ ಹಗ್ಗ ಪೂರ್ತಿ ಬಿಟ್ಟರೆ ಬಲ ಇಳಿಯುತ್ತದೆ, ಗುಂಡಿನ ತೂಕ ದೋಣಿಯನ್ನು ಎತ್ತುತ್ತದೆ. ಹಿಂಬದಿಯನ್ನು ಗಾಳಿಗೆ ಅಡ್ಡ ಹಾಯಿಸಿ ತಿರುಗುವಾಗ ಮುಖ್ಯ ಹಾಯಿಯ ಕೆಳಗಿನ ಅಡ್ಡಕೋಲಾದ ಬೂಮ್ ಒಂದೇ ಏಟಿಗೆ ಡೆಕ್ ದಾಟುತ್ತದೆ, ಆದ್ದರಿಂದ ತಲೆ ತಗ್ಗಿಸಲು ಕೂಗಿ ಎಚ್ಚರಿಸುವುದು ಕಡ್ಡಾಯ. ಜೆನೇಕರ್ ಇಳಿಸುವಾಗ ದೋಣಿಯನ್ನು ಗಾಳಿ ಹೋಗುವ ದಿಕ್ಕಿಗೆ ತಿರುಗಿಸಿಕೊಂಡರೆ ಅದು ಮುಖ್ಯ ಹಾಯಿಯ ಮರೆಗೆ ಬಂದು ಸೊರಗುತ್ತದೆ, ಆಗ ಒಳಗೆಳೆದುಕೊಳ್ಳುವುದು ಸುಲಭ.

ದಡ ಮುಟ್ಟುವುದಕ್ಕೆ ಬೇರೆಯೇ ಅಂದಾಜು ಬೇಕು. ಹಾಯಿ ಸಡಿಲಿಸಿ ಮೂತಿಯನ್ನು ಗಾಳಿಗೆ ತಿರುಗಿಸಿದ ಮೇಲೂ 800 ಕಿಲೋ ದೋಣಿ ಹಲವು ದೋಣಿಯುದ್ದ ಸಾಗುತ್ತದೆ, ಅದಕ್ಕೆ ಬ್ರೇಕ್ ಇಲ್ಲ. ಎಷ್ಟು ದೂರ ಎಂಬುದನ್ನು ಜೆಟ್ಟಿಯ ಕಟ್ಟೆಯ ಮೇಲಲ್ಲ, ನೀರಿನ ನಡುವಿನ ತೇಲುಗುರುತಿನ ಬಳಿ ನಾಲ್ಕಾರು ಸಲ ನಿಲ್ಲಿಸಿ ನೋಡಿ ಮೊದಲೇ ಕಲಿತುಕೊಳ್ಳಬೇಕು.