ಹಳ್ಳದ ಮೀನಿಗೆ ಗುಡ್ಡದ ಮರವೇ ಆಸರೆ

ಶರಾವತಿ ಎಂದೊಡನೆ ನಗರವಾಸಿಗಳಿಗೆ ನೆನಪಾಗುವುದು ಜೋಗದ ಜಲಪಾತ ಮತ್ತು ವಿದ್ಯುತ್. ಆದರೆ ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟುವ ಈ ನದಿಯನ್ನು ತುಂಬಿಸುವುದು ಹೊಸನಗರ, ಸಾಗರ ಸೀಮೆಯ ಗುಡ್ಡಗಳಿಂದ ಇಳಿದುಬರುವ ಅಸಂಖ್ಯ ಹಳ್ಳಗಳು. ಮೊಣಕಾಲುದ್ದ ನೀರಿನ ಈ ಹಳ್ಳಗಳಲ್ಲಿ ಪಶ್ಚಿಮ ಘಟ್ಟ ಬಿಟ್ಟರೆ ಬೇರೆಲ್ಲೂ ಕಾಣದ ಮೀನುಗಳಿವೆ. ಶರಾವತಿಯ ಹೆಸರನ್ನೇ ಹೊತ್ತ ‘ಬಟಾಸಿಯೊ ಶರಾವತಿಯೆನ್ಸಿಸ್’ ಎಂಬ ಪುಟ್ಟ ಮೀಸೆಮೀನು ವಿಜ್ಞಾನಲೋಕಕ್ಕೆ ಪರಿಚಯವಾದದ್ದು 2004ರಲ್ಲಿ. ಕಲ್ಲುಗಳ ಸಂದಿಯಲ್ಲಿ ಬದುಕುವ ‘ಷಿಸ್ಟುರಾ’ ಕುಲದ ಇನ್ನೆರಡು ಮೀನುಗಳು 2006ರಲ್ಲಿ ದಾಖಲಾದವು. ಅವುಗಳಲ್ಲಿ ಒಂದಕ್ಕೆ ನಾಗೋಡಿಯ ಹೆಸರಿಡಲಾಗಿದೆ.

ಇಂತಹ ಮೀನುಗಳ ಭವಿಷ್ಯ ಹಳ್ಳದ ಮೇಲಿನ ಗುಡ್ಡದಲ್ಲಿ ಏನು ಬೆಳೆದಿದೆ ಎಂಬುದನ್ನು ಅವಲಂಬಿಸಿದೆ. ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಶರಾವತಿ ಜಲಾನಯನದಲ್ಲಿ ನಡೆಸಿ, 2007ರಲ್ಲಿ ‘ಕರೆಂಟ್ ಸೈನ್ಸ್’ ನಿಯತಕಾಲಿಕದಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನು ತೋರಿಸಿಕೊಟ್ಟಿತು. ನಿತ್ಯಹರಿದ್ವರ್ಣದ ಮರಗಳು, ಅದರಲ್ಲೂ ಪಶ್ಚಿಮ ಘಟ್ಟಕ್ಕೇ ಸೀಮಿತವಾದ ಮರಗಳು ಹೆಚ್ಚಿರುವ ಕಡೆಯ ಹಳ್ಳಗಳಲ್ಲಿ ಮೀನಿನ ವೈವಿಧ್ಯವೂ ಹೆಚ್ಚು. ಘಟ್ಟಕ್ಕೇ ಸೀಮಿತವಾದ ಮೀನುಗಳೂ ಅಲ್ಲಿಯೇ ಹೆಚ್ಚು.

ಕಾರಣ ನಿಗೂಢವೇನಲ್ಲ. ಮರದ ನೆರಳಿನಲ್ಲಿ ನೀರು ತಂಪಾಗಿರುತ್ತದೆ. ತಂಪಾದ ನೀರಿನಲ್ಲಿ ಆಮ್ಲಜನಕ ಹೆಚ್ಚು ಕರಗಿರುತ್ತದೆ. ಉದುರಿದ ಎಲೆ ಹುಳುಗಳಿಗೆ ಆಹಾರ, ಹುಳುಗಳು ಮೀನಿಗೆ ಆಹಾರ. ಎಲ್ಲಕ್ಕಿಂತ ಮುಖ್ಯವಾದುದು ನೀರಿನ ಹರಿವು. ಕಾಡಿನ ನೆಲ ಮಳೆಗಾಲದ ನೀರನ್ನು ಹೀರಿಟ್ಟುಕೊಂಡು ಬೇಸಿಗೆಯಲ್ಲಿ ಸ್ವಲ್ಪಸ್ವಲ್ಪವೇ ಬಿಟ್ಟುಕೊಡುತ್ತದೆ. ಶರಾವತಿ ಕಣಿವೆಯಲ್ಲಿಯೇ ಇರುವ ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನಿನಂತಹ ಹಳೆಯ ಕಾಡಿನ ತೊರೆಗಳು ವರ್ಷವಿಡೀ ಹರಿಯುವುದು ಇದರಿಂದಲೇ. ಒಂದೇ ಜಾತಿಯ ನೆಡುತೋಪು, ಹೊಲಗಳು ತುಂಬಿರುವ ಕಡೆ ಹಳ್ಳಗಳು ಬೇಸಿಗೆಗೆ ಮೊದಲೇ ಬತ್ತುತ್ತವೆ. ಲಿಂಗನಮಕ್ಕಿಯ ನೀರನ್ನು ಬೆಂಗಳೂರಿಗೆ ತರುವ ಪ್ರಸ್ತಾಪದ ವಿರುದ್ಧ 2019ರಲ್ಲಿ ಮಲೆನಾಡು ಬೀದಿಗಿಳಿಯಿತು. ಆ ನೀರು ಎಲ್ಲಿಂದ ಬರುತ್ತದೆ ಎಂದು ಕೇಳುವವರು ಈ ಹಳ್ಳಗಳನ್ನೊಮ್ಮೆ ನೋಡಬೇಕು.

ಗದ್ದೆ ಬೇರೆ, ತೋಟ ಬೇರೆ

ಕೃಷಿ ಎಂದು ಎಲ್ಲವನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಸರಿಯಲ್ಲ. ಕಣಿವೆಯ ಭತ್ತದ ಗದ್ದೆ ಮಳೆಗಾಲವಿಡೀ ನೀರು ನಿಲ್ಲಿಸಿಕೊಳ್ಳುತ್ತಿತ್ತು. ಮೊದಲ ಮಳೆಗೆ ಹಳ್ಳದಿಂದ ಮೇಲೇರುವ ‘ಹತ್ತುಮೀನು’ಗಳಲ್ಲಿ ಹಲವು ಗದ್ದೆಗೆ ನುಗ್ಗಿ ಮೊಟ್ಟೆಯಿಡುತ್ತಿದ್ದವು. ಗದ್ದೆ ಅಡಿಕೆ ತೋಟವಾದಾಗ ಈ ತಾಣ ಇಲ್ಲವಾಗುತ್ತದೆ. ಅಡಿಕೆಯ ಬೇರಿಗೆ ನಿಂತ ನೀರು ಆಗದು. ಆದ್ದರಿಂದ ಆಳವಾದ ಬಸಿಗಾಲುವೆ ತೋಡಿ ಮಳೆನೀರನ್ನು ನೇರವಾಗಿ ಹಳ್ಳಕ್ಕೆ ಅಟ್ಟಲಾಗುತ್ತದೆ. ಬೇಸಿಗೆಯಲ್ಲಿ ಅದೇ ತೋಟಕ್ಕೆ ಅದೇ ಹಳ್ಳದಿಂದ ಪಂಪು ನೀರೆತ್ತುತ್ತದೆ. ಹರಿವು ನಿಂತ ಮೇಲೆ ಮೀನುಗಳೆಲ್ಲ ಆಶ್ರಯ ಪಡೆದಿರುವುದು ಅಲ್ಲೊಂದು ಇಲ್ಲೊಂದು ಉಳಿದ ಗುಂಡಿಗಳಲ್ಲಿ. ಪಂಪಿನ ಕೊಳವೆ ಇಳಿಯುವುದೂ ಆ ಗುಂಡಿಗೇ. ಒಂದು ಗುಂಡಿ ಬರಿದಾದರೆ ಮುಂದಿನ ವರ್ಷ ಆ ಹಳ್ಳವನ್ನು ತುಂಬಬೇಕಾದ ಸಂತಾನವೇ ಹೋದಂತೆ.

ಶುಂಠಿಯ ಹಾನಿ ಬೇರೆ ಬಗೆಯದು. ಇಳಿಜಾರಿನಲ್ಲಿ ನೆಲ ಸಡಿಲಿಸಿ ಏರುಮಡಿ ಮಾಡಿದ ಮೇಲೆ ಬೀಳುವ ಜೋರುಮಳೆ ಮಣ್ಣನ್ನು ಕೊಚ್ಚಿ ಹಳ್ಳಕ್ಕೆ ಸುರಿಯುತ್ತದೆ. ನುಣ್ಣನೆಯ ಹೂಳು ಕಲ್ಲುಗಳ ಸಂದುಗಳನ್ನು ಮುಚ್ಚುತ್ತದೆ. ಷಿಸ್ಟುರಾದಂತಹ ಮೀನಿಗೆ ಆ ಸಂದೇ ಮನೆ. ಕಲ್ಲಿನ ಮೇಲಿನ ಪಾಚಿ ಕೆರೆದು ತಿನ್ನುವ ಮೀನುಗಳಿಗೂ ಹೂಳು ಮೆತ್ತಿದ ಕಲ್ಲು ನಿರುಪಯುಕ್ತ.

ಇನ್ನೊಂದು ಸಂಗತಿ ಮೈಲುತುತ್ತ. ಅಡಿಕೆಯ ಕೊಳೆರೋಗಕ್ಕೆ ನೂರು ವರ್ಷಕ್ಕೂ ಹೆಚ್ಚು ಕಾಲದಿಂದ ಬೋರ್ಡೋ ದ್ರಾವಣವೇ ಮದ್ದು. 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಮೈಲುತುತ್ತವೆಂದರೆ ತಾಮ್ರದ ಲವಣ. ತಾಮ್ರ ಅತ್ಯಲ್ಪ ಪ್ರಮಾಣದಲ್ಲಿಯೂ ಮೀನಿನ ಕಿವಿರಿಗೆ, ಘ್ರಾಣಶಕ್ತಿಗೆ ಅಪಾಯಕಾರಿ. ಸುಣ್ಣದಂಶ ಹೆಚ್ಚಿರುವ ಗಡಸು ನೀರಿನಲ್ಲಿ ಅದರ ವಿಷ ತಗ್ಗುತ್ತದೆ. ಮಲೆನಾಡಿನ ಹಳ್ಳಗಳದ್ದು ಮೆದುನೀರು, ಆ ರಕ್ಷಣೆ ಇಲ್ಲಿಲ್ಲ. ಮೊದಲ ಸಿಂಪಡಣೆ ನಡೆಯುವುದು ಮಳೆಗಾಲದ ಹೊಸ್ತಿಲಲ್ಲಿ, ಅಂದರೆ ಮೀನುಗಳು ಮೊಟ್ಟೆಯಿಡಲು ಮೇಲೇರುವ ದಿನಗಳಲ್ಲಿಯೇ. ಹಾಗೆಂದು ಕೊಳೆಗೆ ಫಸಲನ್ನೆಲ್ಲ ಬಿಟ್ಟುಕೊಡಿ ಎಂದು ಬೆಳೆಗಾರನಿಗೆ ಹೇಳುವುದು ಪಟ್ಟಣದಲ್ಲಿ ಕುಳಿತವರಿಗಷ್ಟೇ ಸುಲಭ.

ಎಣಿಕೆಯ ಭ್ರಮೆ

ಕಾಡು ಕಡಿದ ಕಡೆ ಮೀನು ಇಲ್ಲವೇ ಇಲ್ಲ ಎಂದು ಭಾವಿಸಬೇಕಾಗಿಲ್ಲ. ಬಿಸಿಲು ಬಿದ್ದು ಪಾಚಿ ಬೆಳೆದ ಹಳ್ಳದಲ್ಲಿ ಕೆಲವೊಮ್ಮೆ ಮೀನು ಹೆಚ್ಚೇ ಸಿಗುತ್ತದೆ. ಬಲೆಗೆ ಬಿದ್ದ ಜಾತಿಗಳನ್ನು ಕೇವಲ ಎಣಿಸಿದರೆ ಹಳ್ಳ ಆರೋಗ್ಯವಾಗಿದೆ ಎಂದೇ ತೋರೀತು. ಆದರೆ ಹೊಸದಾಗಿ ಸೇರಿಕೊಂಡವು ಕೆರೆ, ಕಾಲುವೆ, ಜಲಾಶಯ ಎಲ್ಲಿಯೂ ಬದುಕಬಲ್ಲ ಗಟ್ಟಿ ಜೀವಗಳು. ಜಿಲೇಬಿ ಮೀನು ಅದಕ್ಕೆ ನಿದರ್ಶನ. ಕಾಣೆಯಾಗುವವು ಪಶ್ಚಿಮ ಘಟ್ಟದ ಹೊರಗೆ ಮತ್ತೆ ಸಿಗದವು. ಮೀನುಗಾರಿಕೆಯ ಅಂಕಿಅಂಶಗಳಲ್ಲಿ ಈ ನಷ್ಟ ಕಾಣುವುದಿಲ್ಲ, ಏಕೆಂದರೆ ಬೆರಳುದ್ದದ ಷಿಸ್ಟುರಾಕ್ಕೆ ಮಾರುಕಟ್ಟೆಯಿಲ್ಲ.

ಬೆಳೆಗಾರರನ್ನಷ್ಟೇ ದೂರುವುದೂ ನ್ಯಾಯವಲ್ಲ. ಗುಡ್ಡಗಳ ಮೇಲೆ ಸಾಲುಸಾಲಾಗಿ ಅಕೇಶಿಯಾ ನೆಟ್ಟದ್ದು ಸರ್ಕಾರವೇ. ಇನ್ನೊಂದೆಡೆ, ಅಡಿಕೆ ತೋಟಕ್ಕೆ ಸೊಪ್ಪು ಒದಗಿಸಲೆಂದು ಬ್ರಿಟಿಷರ ಕಾಲದಿಂದ ಬಂದ ಸೊಪ್ಪಿನ ಬೆಟ್ಟಗಳು ಮರವಿದ್ದಷ್ಟು ದಿನ ಹಳ್ಳಗಳನ್ನೂ ಕಾಯ್ದಿವೆ. ಉತ್ತರ ಕನ್ನಡದಲ್ಲಿ ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆವರೆಗೆ ಬೆಟ್ಟ ಬಿಟ್ಟುಕೊಟ್ಟ ಪದ್ಧತಿಯಿತ್ತು. ಬೆಟ್ಟ ಬೋಳಾದ ಕಡೆ ಮೊದಲು ಮರ ಬೆಳೆಸಬೇಕಾದದ್ದು ಹಳ್ಳದ ಎರಡೂ ದಡಗಳಲ್ಲಿ. ಹೊಳೆಮತ್ತಿ, ನೇರಳೆ, ರಾಂಪತ್ರೆಯಂತಹ ಊರಿನ ಮರಗಳ ಸಾಲೊಂದು ಹೂಳನ್ನೂ ತಡೆದೀತು, ನೀರನ್ನೂ ತಂಪಾಗಿಟ್ಟೀತು. ಸಿಂಪಡಣೆಯ ಡ್ರಮ್ಮನ್ನು ಹಳ್ಳದಲ್ಲಿ ತೊಳೆಯದಿರಲು, ಬೇಸಿಗೆಯಲ್ಲಿ ಒಂದೆರಡು ಆಳದ ಗುಂಡಿಗಳಿಗೆ ಪಂಪು ಇಳಿಸದಿರಲು ಯಾವ ಯೋಜನೆಯ ಅನುದಾನವೂ ಬೇಕಿಲ್ಲ. ಒಂದೇ ಹಳ್ಳದ ನೀರು ಬಳಸುವ ನಾಲ್ಕಾರು ಮನೆಗಳವರು ಕೂತು ಮಾತನಾಡಿಕೊಂಡರೆ ಸಾಕು.