ಮಾಸ್ಕ್ ಒದ್ದೆ, ಬಾಯಿ ಒಣ

ಕರಾವಳಿಯ ಏಪ್ರಿಲ್-ಮೇ ತಿಂಗಳಲ್ಲಿ ಬೆಳಿಗ್ಗೆ ತೊಟ್ಟ ಅಂಗಿ ಹತ್ತು ಗಂಟೆಗೆಲ್ಲ ಬೆನ್ನಿಗೆ ಅಂಟಿರುತ್ತದೆ. ಮೇಲಿಂದ ಮಾಸ್ಕ್ ಹಾಕಿದರಂತೂ ಅದರ ಒಳಪದರ ನೋಡನೋಡುತ್ತಲೇ ತೇವ. ಮೈಯೆಲ್ಲ ಹೀಗೆ ಒದ್ದೆಯಾಗಿರುವಾಗ ಬಾಯಿ ಮಾತ್ರ ಒಣಗಿ, ನಾಲಿಗೆ ಅಂಗುಳಕ್ಕೆ ಅಂಟಿಕೊಳ್ಳುವುದೇಕೆ?

ಕೊರೊನಾ ಕಾಲದಲ್ಲಿ ಈ ಕಾಟ ಬಹುತೇಕ ಎಲ್ಲರಿಗೂ ತಟ್ಟಿತು. 2020ರಲ್ಲಿ ಉಡುಪಿಯ ಡಾ. ಟಿಎಂಎ ಪೈ ಆಸ್ಪತ್ರೆ ಪೂರ್ತಿಯಾಗಿ ಕೋವಿಡ್ ಚಿಕಿತ್ಸೆಗೇ ಮೀಸಲಾಯಿತು. ಪಿಪಿಇ ಕಿಟ್ ತೊಟ್ಟು ಪಾಳಿಗೆ ಇಳಿದ ವೈದ್ಯರು, ನರ್ಸ್‌ಗಳು ಅದನ್ನು ಕಳಚುವವರೆಗೆ ಹನಿ ನೀರು ಕುಡಿಯುವಂತಿರಲಿಲ್ಲ. ನಡುವೆ ಶೌಚಾಲಯಕ್ಕೆ ಹೋಗುವಂತಿಲ್ಲ ಎಂದು ಕಿಟ್ ಹಾಕುವ ಮೊದಲೂ ನೀರು ಕಡಿಮೆ ಮಾಡಿದವರಿದ್ದರು. ಹೊರಗಿನವರ ಪಾಡು ಇಷ್ಟು ಕಠಿಣವಲ್ಲದಿದ್ದರೂ ಮಾಸ್ಕ್ ತಪ್ಪಿರಲಿಲ್ಲ. ಮಾಸ್ಕ್ ಇಲ್ಲದವರಿಗೆ ನಗರಗಳಲ್ಲಿ 1,000 ರೂಪಾಯಿ ದಂಡ ಎಂದಿದ್ದ ರಾಜ್ಯ ಸರ್ಕಾರ, ಜನರ ಗೊಣಗಾಟದ ಬಳಿಕ 2020ರ ಅಕ್ಟೋಬರ್‌ನಲ್ಲಿ ಅದನ್ನು 250ಕ್ಕೆ ಇಳಿಸಿತು. ಆ ದಿನಗಳಲ್ಲೇ ಅಮೆರಿಕದ ದಂತವೈದ್ಯರು ಈ ತೊಂದರೆಗೆ ‘ಮಾಸ್ಕ್ ಮೌತ್’ ಎಂದು ಹೆಸರಿಟ್ಟರು. ಹೆಸರು ಓಡಿದಷ್ಟು ವೇಗವಾಗಿ ಕಾರಣದ ವಿವರ ಓಡಲಿಲ್ಲ.

ಬಾಯಿಯ ಪಸೆಯನ್ನು ಮಾಸ್ಕ್ ಹೀರಿಕೊಳ್ಳುತ್ತದೆ ಎಂಬುದು ತಪ್ಪು ತಿಳಿವಳಿಕೆ. ನಾವು ಹೊರಬಿಡುವ ಉಸಿರಿನಲ್ಲಿ ನೀರಾವಿ ತುಂಬಿರುತ್ತದೆ. ಮಾಸ್ಕ್ ಅದರಲ್ಲಿ ಒಂದಿಷ್ಟನ್ನು ಹಿಡಿದಿಡುವುದರಿಂದ ಮುಂದಿನ ಉಸಿರಿಗೆ ಸಿಗುವುದು ಇನ್ನಷ್ಟು ತೇವದ ಗಾಳಿಯೇ. ಹಾಗಾದರೆ ತಪ್ಪು ಯಾರದು? ಮಾಸ್ಕ್ ಹಾಕಿದಾಗ ನಮಗೆ ಅಂಟುವ ಅಭ್ಯಾಸಗಳದು. ಮೊದಲನೆಯದು ಬಾಯಿಯಿಂದ ಉಸಿರಾಡುವುದು. ಪದರದ ಮೂಲಕ ಗಾಳಿ ಎಳೆಯಲು ತುಸು ಹೆಚ್ಚು ಶ್ರಮ ಬೇಕು. ಮಾಸ್ಕ್ ಒದ್ದೆಯಾದರೆ ಇನ್ನೂ ಹೆಚ್ಚು. ಆಗ ಗೊತ್ತಿಲ್ಲದಂತೆಯೇ ಬಾಯಿ ತೆರೆದುಕೊಳ್ಳುತ್ತದೆ. ಮೂಗಿನ ಮೂಲಕ ಹೋಗಬೇಕಾದ ಗಾಳಿ ನಾಲಿಗೆಯ ಮೇಲೆ ಹಾದುಹೋಗುತ್ತ ಅಲ್ಲಿನ ಪಸೆಯನ್ನು ಆರಿಸುತ್ತದೆ.

ಎರಡನೆಯದು ಮಾತು. ಉಡುಪಿ-ಮಂಗಳೂರು ಖಾಸಗಿ ಬಸ್ಸಿನ ಕಂಡಕ್ಟರ್ ‘ಕಾಪು, ಪಡುಬಿದ್ರಿ, ಮೂಲ್ಕಿ, ಸುರತ್ಕಲ್’ ಎಂದು ಬಾಗಿಲಲ್ಲಿ ನಿಂತು ಕೂಗುವುದನ್ನು ಕೇಳದವರಾರು? ಅದೇ ಕೂಗನ್ನು ಮೂರು ಪದರದ ಬಟ್ಟೆಯೊಳಗಿಂದ ಹೊರಡಿಸಬೇಕಾದರೆ ದನಿ ಇನ್ನೊಂದು ಮೆಟ್ಟಿಲು ಏರಬೇಕು, ಬಾಯಿಯೂ ಅಷ್ಟೇ ಬೇಗ ಒಣಗುತ್ತದೆ. ತರಗತಿಯ ಟೀಚರ್‌ಗಳ ಕಷ್ಟವೂ ಇದೇ. ಮೂರನೆಯದು, ಮತ್ತು ಎಲ್ಲಕ್ಕಿಂತ ದೊಡ್ಡದು, ನೀರು ಕುಡಿಯದಿರುವುದು. ಮಾಸ್ಕ್ ತೆಗೆಯುವ ಉದಾಸೀನದಲ್ಲಿ ಬಾಟಲಿ ಚೀಲದಲ್ಲೇ ಉಳಿಯುತ್ತದೆ. ಬೆವರು ಮಾತ್ರ ಇಳಿಯುತ್ತಲೇ ಇರುತ್ತದೆ.

ಆರೋಗ್ಯವಂತರ ಬಾಯಲ್ಲಿ ದಿನಕ್ಕೆ ಸುಮಾರು ಅರ್ಧದಿಂದ ಒಂದೂವರೆ ಲೀಟರ್ ಜೊಲ್ಲು ಊರುತ್ತದೆ. ಕೆನ್ನೆ, ದವಡೆ ಮತ್ತು ನಾಲಿಗೆಯ ಕೆಳಗಿರುವ ಮೂರು ಜೊತೆ ದೊಡ್ಡ ಗ್ರಂಥಿಗಳೇ ಅದಕ್ಕೆ ಮುಖ್ಯ ಮೂಲ. ಜೊಲ್ಲು ತುತ್ತನ್ನು ನುಣ್ಣಗೆ ಜಾರಿಸುತ್ತದೆ. ಅದರಲ್ಲಿನ ಬೈಕಾರ್ಬನೇಟ್ ಆಮ್ಲವನ್ನು ತಗ್ಗಿಸಿದರೆ, ಕ್ಯಾಲ್ಸಿಯಂ ಮತ್ತು ಫಾಸ್ಫೇಟ್ ಸವೆದ ಹಲ್ಲಿನ ಮೇಲ್ಪದರವನ್ನು ರಿಪೇರಿ ಮಾಡುತ್ತವೆ. ಜೊಲ್ಲು ಕಡಿಮೆಯಾದಾಗ ಸಿಹಿ ಚಾ ಕುಡಿದು ಮಾಸ್ಕ್ ಏರಿಸಿಬಿಟ್ಟರೆ ಸಕ್ಕರೆಯನ್ನು ತೊಳೆಯುವವರೇ ಇರುವುದಿಲ್ಲ. ನಾಲಿಗೆಯ ಹಿಂಭಾಗದಲ್ಲಿ ಬ್ಯಾಕ್ಟೀರಿಯಾಗಳು ಗಂಧಕದ ಅನಿಲ ಬಿಡಲು ಶುರು. ತಮ್ಮ ಬಾಯಿ ಇಷ್ಟು ನಾರುತ್ತದೆಂದು ಎಷ್ಟೋ ಮಂದಿಗೆ ಗೊತ್ತಾದದ್ದೇ 2020ರಲ್ಲಿ. ವಾಸನೆಯೆಲ್ಲ ಮಾಸ್ಕ್ ಹುಟ್ಟಿಸಿದ್ದಲ್ಲ, ಹಳೆಯದೂ ಇತ್ತು. ಮನೆಯವರು ಮರ್ಯಾದೆಗೆ ಹೇಳಿರಲಿಲ್ಲ ಅಷ್ಟೆ.

ಕೋವಿಡ್ ಭಯ ಇಳಿದ ಮೇಲೆ ಮಾಸ್ಕ್ ಬಹುಪಾಲು ಜನರ ಜೇಬಿನಿಂದ ಮಾಯವಾಯಿತು. ಆದರೆ ಕಸುಬಿಗಾಗಿ ಹಾಕುವವರು ಉಡುಪಿ ಜಿಲ್ಲೆಯಲ್ಲಿ ಕಡಿಮೆಯಿಲ್ಲ. ಮಣಿಪಾಲದ ಶಸ್ತ್ರಚಿಕಿತ್ಸಾ ಕೊಠಡಿಗಳು, 1965ರಲ್ಲಿ ಆರಂಭವಾದ ಅಲ್ಲಿನ ದಂತವೈದ್ಯಕೀಯ ಕಾಲೇಜು, ಗೇರುಬೀಜದ ಸಿಪ್ಪೆ ಸುಲಿಯುವ ಕಾರ್ಖಾನೆಗಳು. 1432ರಲ್ಲಿ ಗೊಮ್ಮಟನನ್ನು ನಿಲ್ಲಿಸಿದ ಕಾರ್ಕಳದಲ್ಲಿ ಕಲ್ಲು ಕೆತ್ತುವ ಕಸುಬು ಇಂದಿಗೂ ಜೀವಂತ. ಉಳಿ-ಸುತ್ತಿಗೆಯ ಜೊತೆ ಈಗ ಕಟ್ಟಿಂಗ್ ಮೆಷಿನ್ ಬಂದಿದೆ. ಅದು ಎಬ್ಬಿಸುವ ಬಿಳಿ ದೂಳಿನಲ್ಲಿ ಸಿಲಿಕಾ ಇರುತ್ತದೆ. ವರ್ಷಗಟ್ಟಲೆ ಒಳಗೆಳೆದರೆ ಸಿಲಿಕೋಸಿಸ್ ಎಂಬ ಶ್ವಾಸಕೋಶದ ಕಾಯಿಲೆ ಬರಬಹುದು, ಅದಕ್ಕೆ ಗುಣವಾಗುವ ಮದ್ದಿಲ್ಲ. ಬಾಯಿ ಒಣಗುತ್ತದೆಂದು ಇಲ್ಲಿ ಮಾಸ್ಕನ್ನು ಗಲ್ಲಕ್ಕೆ ಇಳಿಸುವುದು ತೀರಾ ದುಬಾರಿ ಆರಾಮ. ತಲೆಗೆ ಸುತ್ತುವ ಬೈರಾಸೂ ಆ ದೂಳಿಗೆ ಸಾಲದು. ಮುಖಕ್ಕೆ ಸರಿಯಾಗಿ ಕೂರುವ ಎನ್95 ದರ್ಜೆಯದೇ ಬೇಕು.

ಮಾಸ್ಕ್ ಬಿಡದೆ ಬಾಯಿಯನ್ನು ತಂಪಾಗಿಡುವುದು ಕಷ್ಟವೇನಲ್ಲ. ಗಂಟೆಗೊಮ್ಮೆಯಾದರೂ ಜನರಿಂದ, ದೂಳಿನಿಂದ ಆಚೆ ಹೋಗಿ ಮಾಸ್ಕ್ ತೆಗೆದು ನಾಲ್ಕು ಗುಟುಕು ನೀರು ಕುಡಿಯಬೇಕು. ಗಂಜಿ ತಿಳಿ, ನೀರು ಮಜ್ಜಿಗೆ, ಬೊಂಡ ಸಿಕ್ಕಿದರೆ ಇನ್ನೂ ಒಳ್ಳೆಯದು. ಪುನರ್ಪುಳಿ ಶರಬತ್ತಿನ ಹುಳಿ ಜೊಲ್ಲು ಊರಿಸುವುದು ನಿಜ, ಆದರೆ ಸಕ್ಕರೆ ಸುರಿದ ಶರಬತ್ತನ್ನು ದಿನವಿಡೀ ಹೀರುವುದು ಹಲ್ಲಿಗೆ ಕೆಟ್ಟದ್ದು. ಒದ್ದೆಯಾದ ಮಾಸ್ಕ್ ಬದಲಿಸಲು ಚೀಲದಲ್ಲಿ ಇನ್ನೊಂದಿರಲಿ. ಕೆನ್ನೆಯ ಬೆವರುಸಾಲೆಯೂ ಕಡಿಮೆಯಾಗುತ್ತದೆ. ವಾಸನೆ ತಗ್ಗಲು ನಾಲಿಗೆಯನ್ನೂ ಶುಚಿ ಮಾಡಬೇಕು. ಹಿಂದಿನವರು ಮಾವಿನ ಎಲೆಯಲ್ಲಿ ಹಲ್ಲುಜ್ಜಿ, ತೆಂಗಿನ ಗರಿಯ ಕಡ್ಡಿ ಸೀಳಿ ನಾಲಿಗೆ ಕೆರೆಯುತ್ತಿದ್ದರು. ಕಡ್ಡಿ ಹೋಗಿ ಬ್ರಷ್ ಬಂದ ಮೇಲೆ ನಾಲಿಗೆಯನ್ನು ಮರೆತವರೇ ಹೆಚ್ಚು. ಒಣಬಾಯಿಗೆಂದು ಅಡಿಕೆ ಹೋಳು ದವಡೆಗೆ ಇಡುವ ಅಭ್ಯಾಸವನ್ನಂತೂ ಬಿಡಲೇಬೇಕು. ಹೊಗೆಸೊಪ್ಪು ಸೇರಿಸದ ಅಡಿಕೆಯೂ ಕ್ಯಾನ್ಸರ್‌ಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಹೇಳಿದೆ. ಅಡಿಕೆ ಬೆಳೆದು ಬದುಕುವ ಸೀಮೆಗೆ ಇದು ಕಹಿ ಮಾತು.

ಇನ್ನೊಂದು ಮಾತು. ರಜೆಯ ದಿನ, ಮಾಸ್ಕ್ ಮುಟ್ಟದ ದಿನವೂ ಬಾಯಿ ಒಣಗುತ್ತಿದ್ದರೆ, ರಾತ್ರಿ ತಲೆದೆಸೆಯಲ್ಲಿ ನೀರಿನ ಚೊಂಬು ಇಲ್ಲದೆ ನಿದ್ದೆ ಬಾರದಂತಾಗಿದ್ದರೆ ಮಾಸ್ಕನ್ನು ದೂರಬೇಡಿ. ಸಕ್ಕರೆ ಕಾಯಿಲೆಯಿರಬಹುದು. ರಕ್ತದೊತ್ತಡ, ಅಲರ್ಜಿ, ಖಿನ್ನತೆಗೆ ಕೊಡುವ ಕೆಲವು ಮಾತ್ರೆಗಳೂ ಜೊಲ್ಲನ್ನು ಕುಗ್ಗಿಸುತ್ತವೆ. ಅವನ್ನು ನೀವಾಗಿಯೇ ನಿಲ್ಲಿಸದೆ, ನುಂಗುತ್ತಿರುವ ಎಲ್ಲ ಮಾತ್ರೆಗಳ ಚೀಟಿಯನ್ನೂ ಕೈಯಲ್ಲಿ ಹಿಡಿದುಕೊಂಡು ವೈದ್ಯರ ಬಳಿ ಹೋಗಿ, ಒಮ್ಮೆ ಸಕ್ಕರೆ ಪರೀಕ್ಷೆ ಮಾಡಿಸಿ.